ಬಾವಿ ಬೇರೆ, ಪಂಪು ಬೇರೆ

ಬೆಳಿಗ್ಗೆ ಎಂಟಕ್ಕೆ ಜೇವರ್ಗಿ ತಾಲ್ಲೂಕಿನ ಯಡ್ರಾಮಿ ಕಡೆ ಹೋಗಿದ್ದ ಜೀಪು ಮಧ್ಯಾಹ್ನ ಎರಡೂವರೆಗೆ ಆಫೀಸಿನ ಅಂಗಳಕ್ಕೆ ವಾಪಸು ಬಂತು. ನಾನು ಕಂಪ್ಯೂಟರಿನ ಪಕ್ಕದಲ್ಲಿ ಡಬ್ಬಿ ಬಿಚ್ಚಿಟ್ಟುಕೊಂಡು ಮಂಡಕ್ಕಿ ಸುಸಲಾ ತಿನ್ನುತ್ತಿದ್ದೆ. ಕಿಟಕಿಯಿಂದ ನೋಡಿದರೆ, ಹೋಗುವಾಗ ಜೀಪಿನ ಹಿಂದೆ ಇಟ್ಟಿದ್ದ ಹೊಸ ಸರಪಳಿ, ನಟ್ಟು ಬಿಚ್ಚುವ ಪಾನಾ, ಗ್ರೀಸಿನ ಡಬ್ಬಿ ಎಲ್ಲ ಹೋದ ಹಾಗೇ ವಾಪಸು ಬಂದಿದ್ದವು.

ಉಸ್ತಾದರು ಒಳಗೆ ಬಂದರು. ಮೂರು ತಾಲ್ಲೂಕಿನ ಕೈಪಂಪು ಮೆಕ್ಯಾನಿಕ್‌ಗಳಿಗೆಲ್ಲ ಹಿರಿಯರು. ಆಫೀಸಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಐವತ್ತು ದಾಟಿದ ಮನುಷ್ಯ. ಮುಖದ ಮೇಲೆ ದಾರಿಯ ಧೂಳು ಹಾಗೇ ಇತ್ತು. ನಾನು ಹಿಂದಿನ ದಿನ ಪ್ರಿಂಟ್ ತೆಗೆದುಕೊಟ್ಟಿದ್ದ ಹಾಳೆಯನ್ನು ಕೀಬೋರ್ಡಿನ ಮೇಲೆ ಇಟ್ಟರು.

"ಮೇಡಂರೀ, ಈ ಊರಾಗ ಪಂಪ್ ಎಲ್ಲದ ಹೇಳ್ರಿ. ನಾ ಅಂತೂ ಹುಡುಕಿ ಸಾಕಾಗಿ ಬಂದೀನಿ."

ಹಾಳೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು: ಊರು, ಪಂಪಿನ ನಂಬರು ಏಳು, ಹಿಡಿಕೆಯ ಸರಪಳಿ ಹರಿದಿದೆ. ಉಸ್ತಾದರು ಅಲ್ಲಿಗೆ ಹೋದಾಗ ಕಂಡದ್ದು ಬರೀ ಸಿಮೆಂಟಿನ ಕಟ್ಟೆ, ಅದರ ನಡುವೆ ಕಬ್ಬಿಣದ ಮುಚ್ಚಳ ಬಡಿದ ಬಾಯಿ. ಅಲ್ಲಿನ ನೀರು ಬತ್ತಿ, ಏಳನೇ ನಂಬರಿನ ಪಂಪನ್ನು ನಾಲ್ಕು ತಿಂಗಳ ಹಿಂದೆಯೇ ಕಿತ್ತು ಅಫಜಲಪುರ ತಾಲ್ಲೂಕಿನ ಒಂದು ಹಳ್ಳಿಗೆ ಹಾಕಿದ್ದರು. ಸರಪಳಿ ಹರಿದದ್ದು ಅಲ್ಲಿ. ಪಂಪಿನ ಮೇಲೆ ಬಣ್ಣದಲ್ಲಿ ಬರೆದ ಹಳೆಯ ಊರು, ನಂಬರು ಹಾಗೇ ಇದ್ದವು; ದೂರಿನ ಚೀಟಿಯಲ್ಲಿ ಅದನ್ನೇ ನಕಲು ಮಾಡಿದ್ದರು, ಪಂಪು ಊರು ಬಿಟ್ಟದ್ದು ನನ್ನ ಪ್ರೋಗ್ರಾಮಿಗೂ ಗೊತ್ತಿರಲಿಲ್ಲ. ಆ ಹಳ್ಳಿಯ ಹೆಂಗಸರು ಮೂರು ದಿನದಿಂದ ಭೀಮಾ ನದಿಯ ಮಡುವಿನಿಂದ ನೀರು ಹೊರುತ್ತಿದ್ದರು. ಅವರಿಗೆ ಬೇಕಾದ ಸರಪಳಿಯನ್ನು ನನ್ನ ಪ್ರೋಗ್ರಾಂ ಹೊಳೆಯ ಇನ್ನೊಂದು ಕಡೆಗೆ ಕಳಿಸಿತ್ತು.

ಕೈಯಲ್ಲಿದ್ದ ತುತ್ತು ಡಬ್ಬಿಗೆ ಹಾಕಿದೆ. ಉಣ್ಣಲು ಮನಸ್ಸಾಗಲಿಲ್ಲ.

ತೊಂಬತ್ತರ ದಶಕದ ಮಧ್ಯದ ಮಾತಿದು. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲ್ಲೂಕುಗಳ ಕೈಪಂಪುಗಳ ದುರಸ್ತಿ ನೋಡಿಕೊಳ್ಳುವ ಆಫೀಸು ಗುಲ್ಬರ್ಗಾದಲ್ಲಿತ್ತು. ದೂರುಗಳು ಪೋಸ್ಟ್ ಕಾರ್ಡಿನಲ್ಲಿ ಬರುತ್ತಿದ್ದವು, ಇಲ್ಲವೇ ಬಸ್ ಕಂಡಕ್ಟರರ ಕೈಯಲ್ಲಿ ಚೀಟಿಯಾಗಿ ಬರುತ್ತಿದ್ದವು. ಅವನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಯಾವ ಜೀಪು ಯಾವ ಊರಿಗೆ ಏನು ಸಾಮಾನು ತಗೊಂಡು ಹೋಗಬೇಕು ಎಂಬ ಪಟ್ಟಿ ತೆಗೆಯುವ ಕೆಲಸವನ್ನು ನಮ್ಮ ಪುಟ್ಟ ಕಂಪ್ಯೂಟರ್ ಸೆಂಟರ್ ಒಪ್ಪಿಕೊಂಡಿತ್ತು. ಸೆಂಟರಿನಲ್ಲಿ ಪ್ರೋಗ್ರಾಂ ಬರೆಯುವವಳು ನಾನೊಬ್ಬಳೇ. ಯಂತ್ರ ಆಫೀಸಿನಲ್ಲೇ ಇದ್ದುದರಿಂದ ನಾನೂ ದಿನಾ ಅಲ್ಲೇ ಹೋಗಿ ಕೂರುತ್ತಿದ್ದೆ. ಒಂದು ತ್ರೀ-ಎಯ್ಟಿ-ಸಿಕ್ಸ್ ಕಂಪ್ಯೂಟರು, ಅದರೊಳಗೆ ನಾಲ್ಕು ಎಂಬಿ ಮೆಮೊರಿ, ಕರಕರ ಸದ್ದು ಮಾಡುವ ಪ್ರಿಂಟರು. ಕರೆಂಟು ಹೋದರೆ ಎಲ್ಲರೂ ಹೊರಗೆ ಬೇವಿನ ಮರದ ಕೆಳಗೆ.

ನಾನು ಮಾಡಿದ್ದ ತಪ್ಪು ಬಹಳ ಸರಳವಾದದ್ದು. ನಮ್ಮ ಕಡೆ ಕೈಪಂಪಿಗೆ ಜನ ಬೋರಿಂಗ್ ಅನ್ನುತ್ತಾರೆ. ನೆಲದೊಳಗಿನ ಕೊಳವೆ ಬಾವಿ, ಸಿಮೆಂಟಿನ ಕಟ್ಟೆ, ಮೇಲಿನ ಯಂತ್ರ ಎಲ್ಲ ಕೂಡಿ ಬೋರಿಂಗ್. ನಾನೂ ಅದನ್ನೇ ನಂಬಿ ಬೋರಿಂಗ್ ಎಂಬ ಒಂದೇ ಟೇಬಲ್ ಮಾಡಿದ್ದೆ. ಊರು, ನಂಬರು, ದೂರು, ದುರಸ್ತಿಯಾದ ತಾರೀಖು, ಎಲ್ಲ ಒಂದೇ ಸಾಲಿನಲ್ಲಿ. ಮೇಲಾಗಿ ಮೂರೂ ತಾಲ್ಲೂಕಿನ ರಜಿಸ್ಟರುಗಳ ಕಾಲಂಗಳು ಬೇರೆ ಬೇರೆ ಇದ್ದವು ಎಂದು ಒಂದೇ ಪ್ರೋಗ್ರಾಮಿನ ಮೂರು ಪ್ರತಿ ಮಾಡಿ, ಮೂರನ್ನೂ ಅಷ್ಟಷ್ಟು ತಿದ್ದಿಟ್ಟಿದ್ದೆ.

"ಕೆಳಗಿನ ಬಾವಿ ಬ್ಯಾರೆ, ಮ್ಯಾಲಿನ ಪಂಪ್ ಬ್ಯಾರೆ ಅದರೀ," ಎಂದರು ಉಸ್ತಾದರು, ಕುರ್ಚಿ ಎಳೆದು ಕೂತು. ಸಿಟ್ಟು ಇಳಿದಿತ್ತು. "ಬಾವಿ ಎಲ್ಲೂ ಹೋಗಂಗಿಲ್ಲ. ಪಂಪ್ ತಿರಗ್ತದ. ಜನ ಎರಡಕ್ಕೂ ಕೂಡಿ ಬೋರಿಂಗ್ ಅಂತಾರ, ಅವರಿಗೆ ನೀರ ಬಂದ್ರ ಮುಗೀತು. ನಿಮಗ ಹಂಗಂದ್ರ ನಡೀತದೇನ್ರಿ?"

ನಡೆಯುವುದಿಲ್ಲ ಎಂದು ಒಪ್ಪಿಕೊಂಡೆ. ಆದರೆ ಒಪ್ಪಿಕೊಂಡ ಮೇಲೂ ಮೊದಲು ಮಾಡಿದ್ದು ತೇಪೆ ಹಚ್ಚುವ ಕೆಲಸ. ಟೇಬಲಿಗೆ "ಹಳೆಯ ಊರು" ಎಂಬ ಇನ್ನೊಂದು ಫೀಲ್ಡ್ ಸೇರಿಸಿದೆ. ಮರುದಿನವೇ ಆಫೀಸಿನ ಗುಮಾಸ್ತರು ಎರಡು ಸಲ ಊರು ಬದಲಿಸಿದ ಪಂಪೊಂದನ್ನು ತೋರಿಸಿದರು. "ಎರಡನೆಯ ಹಳೆಯ ಊರು" ಸೇರಿಸಿದೆ. ಅದನ್ನು ಜೇವರ್ಗಿಯ ಪ್ರತಿಯಲ್ಲಿ ಸೇರಿಸಿ, ಅಫಜಲಪುರದಲ್ಲಿ ಮರೆತು, ಆಳಂದದಲ್ಲಿ ತಪ್ಪು ಜಾಗಕ್ಕೆ ಸೇರಿಸಿದೆ. ಆ ಸೋಮವಾರ ಆಳಂದದ ಪಟ್ಟಿಯಲ್ಲಿ ಪ್ರತಿ ಊರಿನ ಮುಂದೆ ಅದರ ಪಕ್ಕದ ಊರಿನ ದೂರು ಪ್ರಿಂಟಾಗಿ ಬಂತು.

ಆಫೀಸಿನ ಮುಖ್ಯಸ್ಥರಾದ ಇಂಜಿನಿಯರ್ ಸಾಹೇಬರು ನನ್ನನ್ನು ಕರೆಸಿದರು. ಕೂಗಾಡುವ ಮನುಷ್ಯನಲ್ಲ. ಪಟ್ಟಿಯನ್ನು ಮಡಚಿ ಟೇಬಲ್ಲಿನ ತುದಿಗೆ ಸರಿಸಿ ಹೇಳಿದರು: "ನೋಡವಾ, ಬ್ಯಾಸಗಿ ಬಂತು. ಈಗ ಒಂದು ಜೀಪ್ ದಾರಿ ತಪ್ಪಿದ್ರ ಒಂದು ಊರು ಎರಡು ದಿನ ನೀರಿಲ್ದಂಗ ಕೂಡ್ತದ. ಶಿವರಾತ್ರಿ ತನಕ ನೋಡ್ತೇನಿ. ಆಗಲಿಲ್ಲಂದ್ರ ನಮ್ಮ ರಜಿಸ್ಟರ್ ನಮಗ ಇರಲಿ."

ಶಿವರಾತ್ರಿಗೆ ಆರು ವಾರ ಇತ್ತು.

ಹಿಂದಿನ ವರ್ಷ ಹೈದರಾಬಾದಿನಲ್ಲಿ ಹದಿನೈದು ದಿನದ ಒಂದು ತರಬೇತಿಗೆ ಹೋಗಿ ಸಿ ಪ್ಲಸ್ ಪ್ಲಸ್ ಕಲಿತು ಬಂದಿದ್ದೆ. ಆಬ್ಜೆಕ್ಟ್ ಓರಿಯೆಂಟೆಡ್ ವಿನ್ಯಾಸದ ಬಗ್ಗೆ ಅಲ್ಲಿ ಕೊಟ್ಟ ಝೆರಾಕ್ಸ್ ಹಾಳೆಗಳೂ ಇದ್ದವು. ಅದರಲ್ಲಿದ್ದ ಉದಾಹರಣೆಗಳೆಲ್ಲ ವೃತ್ತ, ಚೌಕ, ತ್ರಿಕೋನದ್ದು. ಭಾಷೆ ಬಂದಿತ್ತು, ಅದನ್ನು ಯಾಕೆ ಹಾಗೆ ಮಾಡಿದ್ದಾರೆಂಬುದು ಬಂದಿರಲಿಲ್ಲ. ಆ ಸಂಜೆ ಸಿಟಿ ಬಸ್ಸಿನಲ್ಲಿ ನಿಂತುಕೊಂಡು ಹೋಗುವಾಗ ಉಸ್ತಾದರ ಮಾತು ತಲೆಯಲ್ಲಿ ತಿರುಗುತ್ತಿತ್ತು. ಬಾವಿ ಬೇರೆ, ಪಂಪು ಬೇರೆ. ಅಂದರೆ ಬಾವಿಗೆ ತನ್ನದೊಂದು ಚರಿತ್ರೆ, ಪಂಪಿಗೆ ತನ್ನದೊಂದು. ಒಂದೊಂದು ವಸ್ತುವೂ ತನ್ನ ಸಂಗತಿ ತಾನು ಇಟ್ಟುಕೊಂಡು, ಕೇಳಿದಾಗ ಉತ್ತರ ಕೊಡಬೇಕು. ಆ ಝೆರಾಕ್ಸ್ ಹಾಳೆಗಳು ಹೇಳುತ್ತಿದ್ದುದೂ ಇದನ್ನೇ; ಒಂದು ಬಗೆಯ ವಸ್ತುಗಳಿಗೆಲ್ಲ ಮಾಡುವ ಅಚ್ಚಿಗೆ ಅಲ್ಲಿ ಕ್ಲಾಸು ಎಂದು ಹೆಸರು. ನನ್ನ ಸ್ಟಾಪು ದಾಟಿ ಹೋಗಿ, ಮುಂದಿನದರಲ್ಲಿ ಇಳಿದು ನಡೆದು ಬಂದೆ.

ಮರುದಿನ ಸೆಂಟರಿನ ಮಾಲೀಕರಿಗೆ ಹೇಳಿದೆ: ಇದುವರೆಗೆ ಬರೆದದ್ದನ್ನೆಲ್ಲ ತೆಗೆದುಹಾಕಿ ಮೊದಲಿನಿಂದ ಬರೆಯುತ್ತೇನೆ.

"ಎರಡು ತಿಂಗಳ ಕೆಲಸ ತಗದು ಒಗೀತೀನಿ ಅಂತಿ. ತಲಿ ನೆಟ್ಟಗ ಅದನವಾ ನಿಂದು?"

"ತೇಪೆ ಹಚ್ಚಿದ್ರ ಶಿವರಾತ್ರಿ ತನಕ ತೇಪೆನೇ ಹಚ್ತೇನ್ರಿ ಸರ್. ಆಮ್ಯಾಲೂ ಜೀಪ್ ದಾರಿ ತಪ್ತದ."

ಅವರು ಪೇಪರ್‌ವೇಟ್ ಎತ್ತಿ ಪಕ್ಕಕ್ಕಿಟ್ಟರು. "ಮಾಡು. ಆದ್ರ ಮೊದಲ ಆ ಪಂಪ್ ಅಂದ್ರ ಏನು ಅಂತ ಕಣ್ಣಲೆ ನೋಡಿ ಬಾ. ನೀ ಇಲ್ಲೀ ತನಕ ನೋಡೀದಿ ಅಂತ ನನಗನ್ನಿಸವಲ್ದು," ಎಂದರು. ನಿಜ ಹೇಳಬೇಕೆಂದರೆ, ಕೈಪಂಪನ್ನು ಬಿಚ್ಚಿದ್ದನ್ನು ನಾನು ನೋಡಿರಲೇ ಇಲ್ಲ.

ಎಂಟು ದಿನ ಉಸ್ತಾದರ ಜೀಪಿನಲ್ಲಿ ತಿರುಗಿದೆ. ಮೊದಲ ದಿನ ಜೇವರ್ಗಿಯಿಂದಾಚೆ ಒಂದು ಹಳ್ಳಿಯಲ್ಲಿ ನೆಲದೊಳಗಿನ ಪೈಪುಗಳನ್ನು ಎಳೆಯುವುದನ್ನು ನೋಡಿದೆ. ನಾಲ್ಕು ಜನ ಸೇರಿ ಮೇಲಿನ ತಲೆ ಬಿಚ್ಚಿ, ಒಂದು ಪೈಪನ್ನು ಎತ್ತಿ, ಕೆಳಗಿನದು ಜಾರದಂತೆ ಕ್ಲ್ಯಾಂಪ್ ಬಿಗಿದು, ತಿರುವಿ ಬಿಚ್ಚಿ ಪಕ್ಕಕ್ಕಿಡುತ್ತಾರೆ. ಆಮೇಲೆ ಇನ್ನೊಂದು. ಹಾಗೆ ಹನ್ನೊಂದು ಪೈಪು ಹೊರಬಂದ ಮೇಲೆ ಕಟ್ಟಕಡೆಗೆ ಹಿತ್ತಾಳೆಯ ಸಿಲಿಂಡರ್ ಬಂತು. ಅದರೊಳಗಿನ ಚರ್ಮದ ವಾಷರ್ ಸವೆದು ಹೂವಿನ ಎಸಳಿನಷ್ಟು ತೆಳ್ಳಗಾಗಿತ್ತು. "ನೀರ ಎತ್ತೂದು ಇದ ನೋಡ್ರಿ. ಮ್ಯಾಲಿಂದೆಲ್ಲ ಬರೀ ಕೈ ಕಾಲು," ಎಂದು ಉಸ್ತಾದರು ಅದನ್ನು ನನ್ನ ಅಂಗೈಗೆ ಹಾಕಿದರು.

ಪೈಪುಗಳನ್ನು ಸಾಲಾಗಿ ಮಲಗಿಸಿ, ಎಷ್ಟನೆಯ ಪೈಪಿನಿಂದ ಹೊರಮೈ ಹಸಿಯಾಗಿದೆ ಎಂದು ನೋಡಿ, ಅವರು ಕಿಸೆಯ ಡೈರಿಯಲ್ಲಿ ಬರೆದುಕೊಂಡರು. ಯಾಕೆಂದು ಕೇಳಿದೆ.

"ಹಸಿ ಎಲ್ಲಿಂದ ಶುರು ಆಗ್ತದ, ಅಲ್ಲೀ ತನಕ ನೀರು. ಆಫೀಸಿನ ರಜಿಸ್ಟರ್‌ನಾಗ ಇದಕ್ಕ ಕಾಲಂ ಇಲ್ರಿ. ಅದಕ್ಕ ನಾ ನನ್ನ ಸಲುವಾಗಿ ಬರಕೋತೇನಿ."

ಒಂಬತ್ತು ವರ್ಷದ ಡೈರಿಗಳು ಅವರ ಮನೆಯಲ್ಲಿ ಟ್ರಂಕಿನೊಳಗೆ ಇದ್ದವು.

ಎಂಟನೆಯ ದಿನ ಶನಿವಾರ. ಮೂರೂ ತಾಲ್ಲೂಕಿನ ತಂಡಗಳು ಸಾಮಾನು ಒಯ್ಯಲು ಆಫೀಸಿಗೆ ಬಂದಿದ್ದವು. ಗುಮಾಸ್ತರ ಮನೆಯಲ್ಲಿ ಮದುವೆಯಾಗಿ ಉಳಿದಿದ್ದ ಲಗ್ನಪತ್ರಿಕೆಗಳ ಹಿಂಬದಿ ಖಾಲಿ ಇತ್ತು. ಅವನ್ನು ತರಿಸಿ ಒಂದರ ಮೇಲೆ "ಬಾವಿ", ಒಂದರ ಮೇಲೆ "ಪಂಪು", ಇನ್ನೊಂದರ ಮೇಲೆ "ದೂರು" ಎಂದು ಬರೆದು, ಬೇವಿನ ಮರದ ಕೆಳಗೆ ಒಬ್ಬೊಬ್ಬರ ಕೈಗೆ ಒಂದೊಂದು ಕೊಟ್ಟೆ. ಉಸ್ತಾದರು ಬಾವಿಯಾದರು. ಅಫಜಲಪುರದ ಮೆಕ್ಯಾನಿಕ್ ಪಂಪಾದರು. ಗುಮಾಸ್ತರು ದೂರು.

"ಒಬ್ಬೊಬ್ಬರಿಗೂ ತಮ್ಮದಷ್ಟೇ ಗೊತ್ತಿರಬೇಕು," ಎಂದು ಹೇಳಿದೆ. "ಬ್ಯಾರೇದವರದು ಬೇಕಾದ್ರ ಅವರನ್ನ ಕೇಳಬೇಕು. ಅವರ ಕಿಸೇದಾಗ ಕೈ ಹಾಕಂಗಿಲ್ಲ."

ಗುಮಾಸ್ತರು ಗಂಟಲು ಸರಿಮಾಡಿಕೊಂಡು ಉಸ್ತಾದರ ಕಡೆ ತಿರುಗಿದರು. "ಏ ಬಾವಿ, ನಿನ್ನ ಮ್ಯಾಲೆ ಯಾವ ಪಂಪ್ ಕೂತದ?"

"ಸದ್ಯಕ್ಕ ಯಾರೂ ಇಲ್ರಿ. ನಾ ಒಣಗಿ ಕೂತೀನಿ," ಎಂದರು ಉಸ್ತಾದರು. ಎಲ್ಲರೂ ನಕ್ಕರು. ನಾಲ್ಕು ಮಂದಿ ಹುಲ್ಲಿನ ಮೇಲೆ ಕೂತು ಮಾಡಿದ ಆ ಎರಡು ಮಾತಿನಲ್ಲಿ ಯಡ್ರಾಮಿ ಕಡೆ ಹೋದ ಜೀಪಿನ ತಪ್ಪು ಸರಿಯಾಗಿತ್ತು.

ಮುಂದಿನ ಪ್ರಶ್ನೆಗೆ ಆಟ ನಿಂತಿತು. ಎಷ್ಟು ಪೈಪು ಇಳಿಸಿದ್ದಾರೆ ಎಂದು ದೂರು ಕೇಳಿತು. ಅದು ನನ್ನದು ಎಂದಿತು ಪಂಪು, ಪೈಪು ನನ್ನ ಜೊತೆಗೇ ಬರುತ್ತವಲ್ಲ. ಬಾವಿ ಒಪ್ಪಲಿಲ್ಲ. "ನನ್ನ ಆಳ ಎಷ್ಟದ ನೋಡಿ ಇಳಸ್ತಾರ. ನಿನ್ನ ನೋಡಿ ಅಲ್ಲ." ಹತ್ತು ನಿಮಿಷ ಜಗಳವಾಯಿತು. ಆಮೇಲೆ ಉಸ್ತಾದರು ನನ್ನ ಕೈಯಿಂದ ಖಾಲಿ ಲಗ್ನಪತ್ರಿಕೆಯೊಂದನ್ನು ತೆಗೆದುಕೊಂಡು, ಪೆನ್ನು ಕೇಳಿ, ಮೇಲೆ ದಪ್ಪ ಅಕ್ಷರದಲ್ಲಿ "ಕೂಡಿಸಿದ್ದು" ಎಂದು ಬರೆದರು.

"ಅದು ಇವನದೂ ಅಲ್ಲ, ನಂದೂ ಅಲ್ರಿ. ಇಂಥಾ ದಿನ, ಇಂಥಾ ಪಂಪ್, ಇಂಥಾ ಬಾವಿಗೆ ಕೂಡಿಸಿದ್ವಿ, ಇಷ್ಟು ಪೈಪ್ ಇಳಿಸಿದ್ವಿ. ಕಿತ್ತಿದ ದಿನ ಇದು ಮುಗೀತು. ಇದಕ್ಕೊಂದು ಬ್ಯಾರೆ ಕಾಗದ ಬೇಕು."

ಆ ಕಾರ್ಡನ್ನು ಬಾವಿ, ಪಂಪು ಎಂಬ ಎರಡು ಕಾರ್ಡುಗಳ ನಡುವೆ ಇಟ್ಟೆ. ನನ್ನ ಇಡೀ ವಿನ್ಯಾಸದಲ್ಲಿ ಇಲ್ಲದೇ ಇದ್ದ, ಇಡೀ ವಿನ್ಯಾಸವನ್ನು ಹಿಡಿದು ನಿಲ್ಲಿಸುವ ಕ್ಲಾಸು ಅದು.

ಬರೆಯಲು ಶುರುಮಾಡಿದೆ. ಒಂದು ಕ್ಲಾಸಿನಿಂದ ಇನ್ನೊಂದನ್ನು ಹುಟ್ಟಿಸುವ ವಿದ್ಯೆ ಹೊಸದು, ಅದರ ಹುರುಪೂ ಇತ್ತು. ಪಂಪು ಎಂಬ ಕ್ಲಾಸಿನಿಂದ ಆಳಂದದ ಪಂಪು, ಅಫಜಲಪುರದ ಪಂಪು, ಜೇವರ್ಗಿಯ ಪಂಪು ಎಂದು ಮೂರು ಮಕ್ಕಳನ್ನು ಹುಟ್ಟಿಸಿ, ದೊಡ್ಡ ಹಾಳೆಯಲ್ಲಿ ಚಿತ್ರ ಬರೆದು ಗೋಡೆಗೆ ಅಂಟಿಸಿದೆ. ಉಸ್ತಾದರು ಚಹಾ ಕುಡಿಯುತ್ತ ಅದನ್ನು ನೋಡಿದರು.

"ಅಫಜಲಪುರದ ಪಂಪ್ ಜೇವರ್ಗಿಗೆ ಬಂತಂದ್ರ ಅದರ ಜಾತಿ ಬದಲಾಗ್ತದೇನ್ರಿ?"

ಗುಮಾಸ್ತರು ತಲೆ ಎತ್ತದೆಯೇ, "ಊರು ಬದಲಾದ್ರ ಜಾತಿ ಯಾಕ ಬದಲಾಗ್ತದ?" ಎಂದರು. ನಾನು ಹೋಗಿ ಹಾಳೆ ಕಿತ್ತೆ. ಮೂರು ಪ್ರೋಗ್ರಾಂ ಬೇಡವೆಂದು ಹೊರಟವಳು ಅದೇ ಮೂರನ್ನು ಬೇರೆ ಹೆಸರಿನಲ್ಲಿ ಮತ್ತೆ ತಂದು ಕೂರಿಸಿದ್ದೆ. ತಾಲ್ಲೂಕು ಎಂಬುದು ಬಾವಿಗೆ ಗೊತ್ತಿರುವ ಒಂದು ಸಂಗತಿ, ಅಷ್ಟೇ.

ನಿಜವಾಗಿ ಬೇರೆ ಬೇರೆ ಇದ್ದದ್ದು ದುರಸ್ತಿಗಳು. ಮೇಲಿನ ಸರಪಳಿ, ಬೇರಿಂಗ್ ಹೋದರೆ ಒಬ್ಬ ಮನುಷ್ಯ, ಎರಡು ಪಾನಾ ಸಾಕು. ಒಳಗಿನ ವಾಷರ್ ಹೋದರೆ ನಾಲ್ಕು ಜನ, ಜೀಪು, ಪೈಪು ಎತ್ತುವ ಸಾಮಾನು. ಕಟ್ಟೆ ಒಡೆದರೆ ಗಾರೆ ಕೆಲಸದ ಗೌಂಡಿ, ಸಿಮೆಂಟು. ಹಾಗಾಗಿ ದುರಸ್ತಿ ಎಂಬ ಒಂದು ತಾಯಿ ಕ್ಲಾಸು, ಅದರಿಂದ ಈ ಮೂರು. ಪಟ್ಟಿ ಮಾಡುವ ಭಾಗ ಯಾವ ದುರಸ್ತಿಯಾದರೂ ಒಂದೇ ಪ್ರಶ್ನೆ ಕೇಳುತ್ತದೆ, ನಿನಗೆ ಏನೇನು ಬೇಕು? ಅದು ತನ್ನ ರೀತಿಯಲ್ಲಿ ಉತ್ತರ ಹೇಳುತ್ತದೆ. ಹಳೆಯ ಪ್ರೋಗ್ರಾಮಿನಲ್ಲಿ ಎರಡು ಪುಟ ಉದ್ದ ಹೋಗಿದ್ದ 'ಇದಾದರೆ ಇದು, ಅದಾದರೆ ಅದು' ಎಂಬ ಸಾಲುಗಳು ಒಂದೇ ಸಾಲಿಗೆ ಇಳಿದವು.

ಇನ್ನು ಈ ವಸ್ತುಗಳನ್ನು ಟೇಬಲ್‌ಗಳಲ್ಲಿ ಉಳಿಸುವುದು. ಕಂಪ್ಯೂಟರ್ ನಡೆಯುತ್ತಿರುವಾಗ ಪಂಪು ಯಾವ ಬಾವಿಯ ಮೇಲಿದೆ ಎಂದು ಮೆಮೊರಿಯ ವಿಳಾಸ ನೋಡಿ ಹೇಳಬಹುದು. ಕರೆಂಟು ಹೋದರೆ ಆ ವಿಳಾಸ ಮಣ್ಣುಪಾಲು. ಪ್ರತಿ ವಸ್ತುವಿಗೂ ಎಂದಿಗೂ ಬದಲಾಗದ ಒಂದು ನಂಬರು ಬೇಕಿತ್ತು. ಬಣ್ಣದಲ್ಲಿ ಬರೆದ ಹಳೆಯ ನಂಬರುಗಳು ಕೆಲಸಕ್ಕೆ ಬರುತ್ತಿರಲಿಲ್ಲ. ಏಳನೇ ನಂಬರಿನ ಪಂಪು ಊರೂರಿಗೂ ಇತ್ತು. ಉಸ್ತಾದರು ಸಾಹೇಬರ ಒಪ್ಪಿಗೆ ತೆಗೆದುಕೊಂಡು ತಗಡಿನ ಬಿಲ್ಲೆಗಳನ್ನು ಕತ್ತರಿಸಿ, ನಂಬರ್ ಪಂಚಿನಿಂದ ಅಂಕಿ ಹೊಡೆದರು. ಒಂದು ಬಿಲ್ಲೆ ಕಟ್ಟೆಯ ಸಿಮೆಂಟಿಗೆ, ಇನ್ನೊಂದು ಪಂಪಿನ ತಲೆಗೆ. ಯಾವ ತಂಡ ಯಾವ ಊರಿಗೆ ಹೋದರೂ ಬಿಲ್ಲೆ ಬಡಿದು ಬರುವುದು ಎಂದಾಯಿತು.

ಶಿವರಾತ್ರಿಗೆ ಹನ್ನೆರಡು ದಿನ ಇರುವಾಗ ಮೊದಲ ಸಲ ಪೂರ್ತಿ ಓಡಿಸಿದೆ. ಆಳಂದದ ಪಟ್ಟಿ ಬರಲು ನಲವತ್ತು ನಿಮಿಷ ಹಿಡಿಯಿತು. ಗುಮಾಸ್ತರು ಚಹಾ ಕುಡಿದು, ಪೋಸ್ಟ್ ಆಫೀಸಿಗೆ ಹೋಗಿ ಬಂದರು, ಯಂತ್ರ ಇನ್ನೂ ಗುರುಗುಟ್ಟುತ್ತಿತ್ತು. "ನಾ ಕೈಲೆ ಬರದಿದ್ರ ಮುಗಿಸಿ ಮನಿಗಿ ಹೋಗ್ತಿದ್ದೆ," ಎಂದರು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ತಿಳಿದದ್ದು ಇಷ್ಟು. ಒಂದು ಪಂಪನ್ನು ಕರೆದರೆ ಅದು ತನ್ನ ಎಲ್ಲ ದುರಸ್ತಿಗಳನ್ನೂ, ಪ್ರತಿ ದುರಸ್ತಿಯೂ ತನ್ನ ಬಾವಿಯನ್ನೂ, ಬಾವಿ ತನ್ನ ಇಡೀ ಚರಿತ್ರೆಯನ್ನೂ ಎಳೆದುಕೊಂಡು ಬರುತ್ತಿತ್ತು. ಒಬ್ಬರನ್ನು ಊಟಕ್ಕೆ ಕರೆದರೆ ಊರೇ ಬಂದ ಹಾಗೆ. ಮೊದಲು ಪಂಪಿನ ನಂಬರಷ್ಟೇ ಬರಲಿ, ಚರಿತ್ರೆ ಯಾರಾದರೂ ಕೇಳಿದಾಗ ಮಾತ್ರ ಬರಲಿ ಎಂದು ತಿದ್ದಿದೆ. ಪಂಪು, ಬಾವಿ, ದುರಸ್ತಿ ತಂತಮ್ಮ ಕೆಲಸ ತಾವೇ ನೋಡಿಕೊಳ್ಳುತ್ತಿದ್ದುದರಿಂದ ತಿದ್ದಿದ್ದು ಆ ಒಂದೇ ಜಾಗದಲ್ಲಿ. ಪಟ್ಟಿ ಒಂದೂವರೆ ನಿಮಿಷಕ್ಕೆ ಬಂತು. ಗುಮಾಸ್ತರು ಕನ್ನಡಕ ಏರಿಸಿ ಗೋಡೆಯ ಗಡಿಯಾರ ನೋಡಿ, ಆಮೇಲೆ ನನ್ನ ಮುಖ ನೋಡಿದರು. ಆ ದಿನದಿಂದ ಉಸ್ತಾದರ ಒಂಬತ್ತು ಡೈರಿಗಳನ್ನು ನಾವಿಬ್ಬರೂ ಪಾಳಿಯ ಮೇಲೆ ತುಂಬಿದೆವು.

ಶಿವರಾತ್ರಿಯ ಮುನ್ನಾದಿನ ಸಾಹೇಬರು ಬಂದು ಕೂತರು. ಯಾವ ಪರೀಕ್ಷೆಯನ್ನೂ ಮಾಡಲಿಲ್ಲ. ಏಳನೇ ನಂಬರಿನ ಆ ಪಂಪು ಈಗ ಎಲ್ಲಿದೆ ಎಂದಷ್ಟೇ ಕೇಳಿದರು. ತೆರೆಯ ಮೇಲೆ ಅಫಜಲಪುರದ ಹಳ್ಳಿ, ಕೂಡಿಸಿದ ದಿನ, ಇಳಿಸಿದ ಪೈಪು, ಸರಪಳಿ ಹಾಕಿದ ದಿನ ಎಲ್ಲ ಬಂತು. ಕೆಳಗೆ ಯಡ್ರಾಮಿ ಕಡೆಯ ಬಾವಿ: ಬತ್ತಿದೆ, ಮೇಲೆ ಪಂಪಿಲ್ಲ. ಸಾಹೇಬರು ಎದ್ದು ನಿಂತು, "ನಾಳಿಂದ ಜೀಪ್ ಇದರ ಮ್ಯಾಲೇ ಹೋಗಲಿ," ಎಂದರು.

ಮಾರ್ಚ್ ತಿಂಗಳು ಚೆನ್ನಾಗಿ ನಡೆಯಿತು. ಯಾವ ತಂಡವೂ ಕೆಲಸವಾಗದೆ ವಾಪಸು ಬರಲಿಲ್ಲ. ಅಷ್ಟಕ್ಕೇ ನಾನು ಖುಷಿಯಾಗಿದ್ದೆ. ಅದಕ್ಕಿಂತ ದೊಡ್ಡದು ಏಪ್ರಿಲ್‌ನಲ್ಲಿ ಬಂತು.

ಆಳಂದ ತಾಲ್ಲೂಕಿನ ನರೋಣಾ ಹತ್ತಿರದ ಒಂದು ಹಳ್ಳಿಯಿಂದ ದೂರಿನ ಮೇಲೆ ದೂರು. ಅಲ್ಲಿನ ಪಂಪು ಸರಿಯಿಲ್ಲವೆಂದು ಹಿಂದಿನ ವರ್ಷಗಳಲ್ಲಿ ಎರಡು ಸಲ ಬದಲಿಸಿ ಬೇರೆ ಪಂಪು ಕೂಡಿಸಿದ್ದರು. ಆ ಊರಿನ ಅಜ್ಜಿಯೊಬ್ಬರು ಬಸ್ಸು ಹತ್ತಿ ಆಫೀಸಿಗೇ ಬಂದರು. ಸೆರಗಿನಿಂದ ಮುಖ ಒರೆಸಿಕೊಂಡು, "ಹೊಸಾದು ಹಾಕ್ತೀರಿ, ಒಂದೂವರಿ ತಿಂಗಳಿಗಿ ಹಿಡಕಿ ಹಗೂರ ಆಗ್ತದ. ಹೊಡದು ಹೊಡದು ರಟ್ಟಿ ಬಿದ್ದು ಹೋದ್ರೂ ಕೊಡ ತುಂಬಂಗಿಲ್ಲ. ನಮ್ಮೂರಿಗಿ ಏನಾಗ್ಯಾದ ಹೇಳ್ರಪಾ," ಎಂದರು.

ಅವರನ್ನು ಬೆಂಚಿನ ಮೇಲೆ ಕೂರಿಸಿ, ಮೂರೂ ಪಂಪುಗಳ ಚರಿತ್ರೆ ತೆಗೆದೆ. ಮೊದಲಿನ ಎರಡು ಈಗ ಬೇರೆ ಊರುಗಳಲ್ಲಿ ಇದ್ದವು, ಅಲ್ಲಿ ಒಂದು ದೂರೂ ಇಲ್ಲದೆ ನಡೆಯುತ್ತಿದ್ದವು. ಆಮೇಲೆ ಬಾವಿಯ ಚರಿತ್ರೆ ತೆಗೆದೆ. ಯಾವ ಪಂಪು ಕೂತರೂ ಆ ಬಾವಿಯಲ್ಲಿ ವಾಷರ್ ಆರೇಳು ವಾರಕ್ಕೆ ಸವೆಯುತ್ತಿತ್ತು. ಮೂರು ಪಂಪುಗಳ ಮೇಲೆ ಹಂಚಿ ಹೋಗಿದ್ದ ಸಂಗತಿ ಒಂದೇ ತೆರೆಯ ಮೇಲೆ ಸಾಲಾಗಿ ನಿಂತಿತ್ತು. ಉಸ್ತಾದರನ್ನು ಕೂಗಿ ಕರೆದೆ.

ಅವರು ತಾರೀಖುಗಳನ್ನು ಒಂದೊಂದಾಗಿ ಓದಿದರು. "ಪಂಪಿಂದು ತಪ್ಪಿಲ್ಲ," ಎಂದರು ಮೆಲ್ಲಗೆ. "ಬಾವಿ ಉಸುಕಿನಂಥಾ ಗರಸು ಉಗಳ್ತದ. ಸಿಲಿಂಡರ್ ಬುಡದಾಗ ಕೂತದ, ನೀರಿನ ಸಂಗಟ ಗರಸೂ ಎಳಕೊಳ್ತದ. ಅದಕ್ಕ ವಾಷರ್ ತಿಂದು ಹಾಕ್ತದ. ಸಿಲಿಂಡರ್ ಮೂರು ಪೈಪ್ ಮ್ಯಾಲೆ ಎತ್ತಿದ್ರ ಗರಸು ಮುಟ್ಟಂಗಿಲ್ಲ."

ಸಾಹೇಬರು ಒಪ್ಪಲಿಲ್ಲ. "ಬ್ಯಾಸಗ್ಯಾಗ ನೀರ ಕೆಳಗ ಹೋಗ್ತದ, ಎಲ್ಲಾರೂ ಪೈಪ್ ಇಳಸ್ತಾರ. ನೀವು ಎತ್ತೂದು ಅಂತೀರಿ. ನೀರು ಸಿಲಿಂಡರ್ ಕೆಳಗ ಹೋಯ್ತಂದ್ರ ಆ ಊರಿಗಿ ಇರೂ ಒಂದೂ ಹೋಯ್ತು."

ಅವರ ಮಾತಿನಲ್ಲಿ ನ್ಯಾಯವಿತ್ತು. ಆ ಊರಿಗೆ ಬೇರೆ ಪಂಪಿರಲಿಲ್ಲ. ಉಸ್ತಾದರು ನನ್ನ ಕಡೆ ನೋಡಿದರು. "ತಂಗಿ, ಹಸಿ ಪೈಪಿಂದು ತಗಿ."

ಅವರು ನನ್ನನ್ನು ತಂಗಿ ಎಂದದ್ದು ಅದೇ ಮೊದಲು. ಅವರ ಡೈರಿಗಳಿಂದ ತುಂಬಿದ್ದ ನೀರಿನ ಮಟ್ಟಗಳನ್ನು ಬಾವಿಯಿಂದ ಕೇಳಿದೆ. ಸಿಲಿಂಡರ್ ಇದ್ದದ್ದು ಹನ್ನೆರಡನೆಯ ಪೈಪಿನ ಕೆಳಗೆ. ಒಂಬತ್ತು ಬೇಸಿಗೆಗಳಲ್ಲಿ ಎಷ್ಟೇ ಬಿಸಿಲಿದ್ದರೂ ಏಳನೆಯ ಪೈಪು ಮುಗಿಯುವುದರೊಳಗೆ ಹಸಿ ಶುರುವಾಗಿತ್ತು. ಮೂರು ಪೈಪು ಎತ್ತಿದರೂ ಸಿಲಿಂಡರಿನ ಮೇಲೆ ಎರಡು ಪೈಪಿನಷ್ಟು ನೀರು ಇರುತ್ತಿತ್ತು. ಸಾಹೇಬರು ಪ್ರತಿ ಸಾಲಿನ ಮೇಲೂ ಬೆರಳಿಟ್ಟು ಎಣಿಸಿದರು. ಎಣಿಸಿ ಮುಗಿಸಿ, ಮತ್ತೆ ಒಂದು ಸಲ ಎಣಿಸಿದರು.

"ಎತ್ರಿ. ಕೆಟ್ರ ನನ್ನ ಹೆಸರ ಹೇಳ್ರಿ," ಎಂದರು.

"ಕೆಡಂಗಿಲ್ರಿ ಸಾಹೇಬ್ರ," ಎಂದರು ಉಸ್ತಾದರು.

ಮರುದಿನ ಅಜ್ಜಿಯ ಊರಿಗೆ ನಾನೂ ಹೋದೆ. ಸಿಲಿಂಡರಿನ ತಳದಲ್ಲಿ ಅವರು ಹೇಳಿದ್ದ ಗರಸು, ಹಿಡಿಯಷ್ಟು, ಕಪ್ಪಗೆ ಕೂತಿತ್ತು. ಹೊಸ ವಾಷರ್ ಹಾಕಿ, ಹನ್ನೆರಡರ ಬದಲು ಒಂಬತ್ತೇ ಪೈಪು ಇಳಿಸಿದರು. ಉಳಿದ ಮೂರನ್ನು ಜೀಪಿನ ಮೇಲೆ ಕಟ್ಟುವಾಗ ಊರಿನವರು ಅನುಮಾನದಿಂದ ನೋಡುತ್ತಿದ್ದರು. ಅಜ್ಜಿ ಬಂದು ಹಿಡಿಕೆ ಹಿಡಿದರು. ಆರು ಸಲ ಒತ್ತಿದರೂ ಬರೀ ಗಾಳಿ. ಏಳನೆಯದಕ್ಕೋ ಎಂಟನೆಯದಕ್ಕೋ ನೀರು ಧಾರೆಯಾಗಿ ಬಿತ್ತು, ಮೊದಲು ಕೆಂಪಗೆ, ಆಮೇಲೆ ತಿಳಿಯಾಗಿ. ಕೊಡ ತುಂಬಿದ ಮೇಲೂ ಅಜ್ಜಿ ಹಿಡಿಕೆ ಬಿಡಲಿಲ್ಲ.

ಇದೇ ರೀತಿಯ ಬಾವಿಗಳು ಇನ್ನೆಲ್ಲಿವೆ ಎಂದು ಪ್ರೋಗ್ರಾಮನ್ನು ಕೇಳುವುದು ಆಮೇಲೆ ಒಂದು ಮಧ್ಯಾಹ್ನದ ಕೆಲಸ. ಮೂರು ತಾಲ್ಲೂಕಿನಲ್ಲಿ ಹದಿನಾಲ್ಕು ಸಿಕ್ಕವು. ಒಂದೊಂದರ ನೀರಿನ ಮಟ್ಟ ನೋಡಿ, ಎತ್ತಬಹುದಾದ ಹನ್ನೊಂದನ್ನು ಎತ್ತಿದೆವು. ಆ ಬೇಸಿಗೆ ಪೂರ್ತಿ ಆ ಹನ್ನೊಂದರಲ್ಲಿ ಒಂದರಿಂದಲೂ ದೂರು ಬರಲಿಲ್ಲ. ಸಾಹೇಬರು ತಮ್ಮ ಕೋಣೆಯಲ್ಲಿದ್ದ ಹಳೆಯ ರಜಿಸ್ಟರುಗಳನ್ನು ಒಳಗಿನ ಕಪಾಟಿಗೆ ಹಾಕಿಸಿದರು. ನಮ್ಮ ಮಾಲೀಕರು ಸೆಂಟರಿನಲ್ಲಿ ಎಲ್ಲರಿಗೂ ಜಿಲೇಬಿ ಹಂಚಿ, "ಒಗದದ್ದು ಚೊಲೋ ಆಯ್ತು," ಎಂದರು.

ಜೂನ್ ಮೊದಲ ವಾರ, ಮಳೆ ಇನ್ನೂ ಹಿಡಿದಿರಲಿಲ್ಲ. ಉಸ್ತಾದರು ಯಾರೂ ಹೇಳದೆ ತಮ್ಮ ತಂಡದ ಜೊತೆ ಅಜ್ಜಿಯ ಊರಿಗೆ ಹೋಗಿ, ನಡೆಯುತ್ತಿದ್ದ ಪಂಪನ್ನು ಬಿಚ್ಚಿ ನೋಡಿಕೊಂಡು ಬಂದರು. ಮಧ್ಯಾಹ್ನ ಆಫೀಸಿಗೆ ಬಂದು ಕೈ ತೊಳೆದುಕೊಂಡು ನನ್ನ ಎದುರು ಕೂತರು. ಮುಖ ಅರಳಿತ್ತು.

"ವಾಷರ್ ತಗದು ಹೆಬ್ಬಟ್ಟಲೆ ಒತ್ತಿ ನೋಡಿದೆ ತಂಗಿ. ಹೊಸಾದಿದ್ದಂಗೇ ಅದ. ಅದನ್ನೇ ಮತ್ತ ಹಾಕಿ ಬಂದೆ. ಇಪ್ಪತ್ತೆಂಟು ವರ್ಷದ ನೌಕರ್ಯಾಗ ಬಿಚ್ಚಿದ ವಾಷರ್ ತಿರುಗಿ ಹಾಕಿದ್ದು ಇದ ಪೈಲಾ ಸಲ."

ಗುಮಾಸ್ತರು ಅದನ್ನು ಕಂಪ್ಯೂಟರಿಗೆ ಹಾಕಲು ಹೋಗಿ ನಿಂತರು. ಹೋಗಿ, ಬಿಚ್ಚಿ, ನೋಡಿ, ಏನೂ ಬದಲಿಸದೆ ಬಂದದ್ದು ಎಂಬ ಬಗೆಯೇ ಪ್ರೋಗ್ರಾಮಿನಲ್ಲಿರಲಿಲ್ಲ. ಅಂಥದ್ದೊಂದು ನಡೆಯಬಹುದೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ನಾನು ಅವರನ್ನು ಎಬ್ಬಿಸಿ ಕೂತೆ. ದುರಸ್ತಿ ಎಂಬ ತಾಯಿಯಿಂದ "ತಪಾಸಣೆ" ಎಂಬ ಹೊಸ ಕ್ಲಾಸು ಹುಟ್ಟಿಸಿದೆ. ನಿನಗೆ ಏನೇನು ಬೇಕು ಎಂದರೆ, ಬದಲಿ ಸಾಮಾನು ಏನೂ ಬೇಡ ಎಂದು ಹೇಳುವುದು ಅದು. ಹೊಸ ಬಗೆಗಳನ್ನು ನೋಂದಾಯಿಸುವ ಜಾಗದಲ್ಲಿ ಅದರ ಹೆಸರಿನ ಒಂದು ಸಾಲು ಸೇರಿಸಿದೆ. ಪಂಪು, ಬಾವಿ, ಪಟ್ಟಿ ಯಾವುದನ್ನೂ ಮುಟ್ಟಲಿಲ್ಲ. ಇಪ್ಪತ್ತು ನಿಮಿಷ. ಕಂಪೈಲ್ ಮಾಡಿ ಮೂರೂ ತಾಲ್ಲೂಕಿನ ಪಟ್ಟಿ ತೆಗೆದೆ. ಒಂದಕ್ಷರವೂ ಆಚೀಚೆ ಆಗದೆ ಬಂತು.

ಗುಮಾಸ್ತರು ಮತ್ತೆ ಕೂತು ಬಿಲ್ಲೆಯ ನಂಬರು ಹೊಡೆದರು. ಬಳಸಿದ ಸಾಮಾನು ಎಂಬಲ್ಲಿಗೆ ಬಂದು ಬೆರಳು ನಿಲ್ಲಿಸಿ, ತಿರುಗಿ ಕೇಳಿದರು:

"ಏನೂ ಹಾಕಿಲ್ಲಂದ್ರ ಎಂಟ್ರಿ ಯಾಕ ಬೇಕ್ರಿ?"

"ಏನೂ ಹಾಕಿಲ್ಲ ಅನ್ನೂದೇ ಎಂಟ್ರಿ," ಎಂದರು ಉಸ್ತಾದರು. "ಬರೀರಿ."